ಆಯಿಗೆ ಕೊಡಬೇಕಾಗಿದ್ದ ರಕ್ತ

ಆ ವಯಸ್ಸಾದ ಹೆಂಗಸನ್ನು ಆಸ್ಪತ್ರೆಗೆ ಕರೆತಂದಾಗ ಕೈಗೆ ಗ್ಲುಕೋಸ್ ಹಚ್ಚಿತ್ತು. ಬಾಟಲಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದುಕೊಂಡು ಅವಳ ಸೊಸೆ ಕ್ರೂಸರ್ ಗಾಡಿಯಿಂದ ಇಳಿದಳು. ನಾನು ಮೊದಲು ಮಾಡಿದ ಕೆಲಸ ಆ ಬಾಟಲಿಯನ್ನು ನಿಲ್ಲಿಸಿದ್ದು.

"ಯಾಕ್ರಿ, ಇನ್ನೂ ಅರ್ಧ ಐತಲ್ರಿ?" ಎಂದು ಸೊಸೆ ಗಾಬರಿಯಾದಳು.

"ಇದು ಈಗ ಕೆಲಸಕ್ಕ ಬರಂಗಿಲ್ಲವ್ವಾ. ಬ್ಯಾರೇದು ಹಚ್ತೀನಿ."

ಅಥಣಿಯ ಒಂದು ಆಸ್ಪತ್ರೆಯಲ್ಲಿ ತುರ್ತು ವಾರ್ಡಿನ ಮೇಲ್ವಿಚಾರಣೆ ಮತ್ತು ರಕ್ತ ಇಡುವ ಫ್ರಿಜ್ಜಿನ ಹೊಣೆ ನನ್ನದು. ಸೈನ್ಯದಲ್ಲಿ ರಕ್ತ ಹಚ್ಚುವ ಕೆಲಸವನ್ನೇ ಕಲಿತು, ಅದನ್ನೇ ಮಾಡಿ ನಿವೃತ್ತನಾದವನು. ಇಲ್ಲಿ ಎಲ್ಲರೂ ಸುಭೇದಾರ ಎಂದು ಕರೆಯುತ್ತಾರೆ. ನಮ್ಮ ಭಾಗದ ಜನರಿಗೆ ಬಾಟಲಿ ಅಂದರೆ ಬಾಟಲಿ. ಹಚ್ಚಿದರೆ ಶಕ್ತಿ ಬರುತ್ತದೆ, ಅಷ್ಟೇ. ಆದರೆ ಗ್ಲುಕೋಸಿನ ನೀರು ರಕ್ತನಾಳದಲ್ಲಿ ನಿಲ್ಲುವುದಿಲ್ಲ. ಸಕ್ಕರೆಯನ್ನು ದೇಹ ಬಳಸಿಕೊಳ್ಳುತ್ತದೆ, ಉಳಿದ ನೀರು ಮೈಯೆಲ್ಲ ಹರಡಿಹೋಗುತ್ತದೆ. ರಕ್ತ ಸೋರಿ ನಾಡಿ ಬಿದ್ದವರಿಗೆ ನಾಳದೊಳಗೆ ಒಂದಿಷ್ಟು ಹೊತ್ತಾದರೂ ನಿಲ್ಲುವಂಥದ್ದು ಬೇಕು. ಎರಡೂ ಮೊಣಕೈ ಮಡಿಕೆಯಲ್ಲಿ ದಪ್ಪ ಸೂಜಿ ಹಾಕಿ, ಬೆಚ್ಚಗೆ ಮಾಡಿಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ ಹಚ್ಚಿದೆ. ನಾಡಿ ಓಡುತ್ತಿತ್ತು. ಕೈ ತಣ್ಣಗಿತ್ತು. ಕೆಳಗಿನ ಕಣ್ಣರೆಪ್ಪೆ ತೆಗೆದು ನೋಡಿದರೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ. ಸೀರೆಯ ಹಿಂಭಾಗ ಡಾಂಬರಿನಂತೆ ಕಪ್ಪಾಗಿ ಅಂಟುತ್ತಿತ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎನ್ನಲು ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಸೊಸೆ ಹೇಳಿದ್ದಿಷ್ಟು. ಅವರದು ರಾಯಬಾಗ ತಾಲ್ಲೂಕಿನ ಅಲಖನೂರ. ಊರಿನ ಭಕ್ತರ ದಿಂಡಿಯ ಜೊತೆ ಅತ್ತೆ ಸೊಸೆ ಇಬ್ಬರೂ ಪಂಢರಪುರಕ್ಕೆ ನಡೆದು ಹೊರಟಿದ್ದರು. ಅತ್ತೆಗೆ ಮೊಣಕಾಲು ನೋವು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆಗಳು ಸೊಂಟದ ಸಂಚಿಯಲ್ಲಿದ್ದವು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಂದು, ಕಾಲು ಎಳೆದರೆ ದಾರಿಯಲ್ಲಿ ಇನ್ನೊಂದು. ಪಂಢರಪುರ ಮುಟ್ಟುವವರೆಗೆ ಒಪ್ಪತ್ತು ಊಟ ಎಂದು ಹರಕೆ. ಎಂದರೆ, ಹೊಟ್ಟೆ ಸುಡುವ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಸಂಜೆಯವರೆಗೆ ನಡೆದಿದ್ದಾಳೆ. ಅಥಣಿ ದಾಟಿ ಒಂದು ಮುಕ್ಕಾಂ ಮುಂದೆ ಹೋದ ಮೇಲೆ, ಬೆಳಗಿನ ಅಭಂಗದ ನಡುವೆ ರಕ್ತ ಕಾರಿಕೊಂಡು ಕುಸಿದಿದ್ದಾಳೆ.

ನನಗಿಂತ ನಾಲ್ಕೈದು ವರ್ಷವಷ್ಟೇ ದೊಡ್ಡವಳಿರಬೇಕು. ಆದರೂ ವಾರ್ಡಿನವರೆಲ್ಲ ಕರೆದಂತೆ ನಾನೂ ಆಯಿ ಎಂದೇ ಕರೆದೆ.

ನಮ್ಮ ಫಿಜಿಶಿಯನ್ ಮೇಡಂ ಚಿಕ್ಕ ವಯಸ್ಸಿನವರು, ತಲೆ ತಣ್ಣಗಿರುವವರು. ಹೊಟ್ಟೆಯ ಆಮ್ಲ ತಗ್ಗಿಸುವ ಇಂಜೆಕ್ಷನ್ ಕೊಟ್ಟು, ರಕ್ತ ಪರೀಕ್ಷೆಯ ಫಲಿತಾಂಶ ನೋಡಿದರು. ಹಿಮೋಗ್ಲೋಬಿನ್ ನಾಲ್ಕರ ಸುತ್ತ. ಹೆಪ್ಪುಗಟ್ಟುವ ಶಕ್ತಿ ಸರಿಯಿತ್ತು. ಹೀಗಾಗಿ ಆಯ್ಕೆಯಲ್ಲಿ ಗೊಂದಲವಿರಲಿಲ್ಲ. ಪ್ಲಾಸ್ಮಾ ಬೇಡ, ಪ್ಲೇಟ್ಲೆಟ್ ಬೇಡ. ಬೇಕಾದದ್ದು ಕೆಂಪುಕಣ ಮಾತ್ರ, ಅದೂ ಬೇಗ. ನಮ್ಮಲ್ಲಿ ರಕ್ತನಿಧಿ ಇಲ್ಲ. ಚಿಕ್ಕೋಡಿಯ ರಕ್ತನಿಧಿಯಿಂದ ತಂದಿಡುವ ಚಿಕ್ಕ ಸಂಗ್ರಹವಷ್ಟೇ ಇದೆ. ಅವಳ ಗುಂಪು ಬಿ ಪಾಸಿಟಿವ್. ಫ್ರಿಜ್ಜಿನಲ್ಲಿ ಆ ಗುಂಪಿನ ಎರಡು ಚೀಲ ಇದ್ದವು. ಅವಳ ರಕ್ತದೊಂದಿಗೆ ಹೊಂದಿಸಿ ನೋಡಿದೆ. ಎರಡೂ ಹೊಂದಿದವು.

ಎಂಡೋಸ್ಕೋಪಿ ಮಾಡುವ ವೈದ್ಯರಿಗೆ ಮೇಡಂ ಫೋನ್ ಮಾಡಿದರು. ಅವರು ಚಿಕ್ಕೋಡಿಯಿಂದ ಬರಬೇಕು. ಮಧ್ಯಾಹ್ನದೊಳಗೆ ಬರುತ್ತೇನೆ, ಆದರೆ ರಕ್ತ ಏರುತ್ತಿದ್ದರೆ ಮಾತ್ರ ಬಾಯಿಂದ ಹೊಟ್ಟೆಗೆ ನಳಿಕೆ ಇಳಿಸುತ್ತೇನೆ, ಇಲ್ಲದಿದ್ದರೆ ಮೇಜಿನ ಮೇಲೆಯೇ ಹೃದಯ ನಿಲ್ಲುತ್ತದೆ ಎಂದರು. ನಳಿಕೆ ಇಳಿಸದೆ ಸೋರುವ ಬಾಯಿ ಮುಚ್ಚುವಂತಿಲ್ಲ. ಆ ನಾಡಿಯಲ್ಲಿ ಅವಳನ್ನು ಬೇರೆ ಊರಿಗೆ ಸಾಗಿಸುವಂತೆಯೂ ಇರಲಿಲ್ಲ. ಎಲ್ಲವೂ ಆ ಎರಡು ಚೀಲದ ಮೇಲೆ ನಿಂತಿತ್ತು.

ನಾನು ಒಪ್ಪಿಗೆ ಕೇಳಲು ಹೋದೆ.

"ಏನ ಹಚ್ಚಾಕತ್ತೀರಿ?" ಎಂದಳು ಆಯಿ. ದನಿ ಸಣ್ಣಗಿತ್ತು, ಆದರೆ ಎಚ್ಚರ ಪೂರಾ ಇತ್ತು.

"ರಕ್ತ, ಆಯಿ."

"ಯಾರದು?"

"ದಾನ ಕೊಟ್ಟವರದು. ಯಾರಂತ ನಮಗೂ ಗೊತ್ತಿರಂಗಿಲ್ಲ."

"ಅಂವ ಏನ ತಿಂತಾನ?"

"ಅದನ್ನ ಯಾರೂ ಕೇಳಂಗಿಲ್ಲ."

"ಕೇಳಬೇಕಿತ್ತು," ಎಂದು ಆಯಿ ಕಣ್ಣು ಮುಚ್ಚಿದಳು. ಕುತ್ತಿಗೆಯ ತುಳಸಿ ಮಾಳದ ಮೇಲೆ ಬೆರಳಿಟ್ಟುಕೊಂಡು, "ನಾ ಮಾಳಕರಿ ಅದೀನಿ. ಗಂಡ ಹೋದ ವರ್ಷ ಮಾಳ ಹಾಕ್ಕೊಂಡೆ. ಅವತ್ತಿಂದ ತತ್ತಿ ಮುಟ್ಟಿದ ಕೈಲೆ ನೀರ ಸೈತ ಕುಡದಿಲ್ಲ. ಕುರಿ ಕ್ವಾಣ ತಿಂದಾವನ ರಕ್ತ ಮೈಯಾಗ ಹಾಕ್ಕೊಂಡ ಯಾವ ಮಾರಿ ಹೊತಗೊಂಡ ವಿಠ್ಠಲನ ಮುಂದ ನಿಂದರ್ಲಿ?" ಎಂದಳು. ಆಮೇಲೆ ಒಂದು ಕಣ್ಣು ತೆರೆದು ನನ್ನ ಮೀಸೆ ನೋಡಿದಳು. "ನೀ ತಿಂತಿ?"

"ಮಿಲಿಟ್ರಿಯಾಗಿದ್ದೆ ಆಯಿ."

"ಹಂಗಾದ್ರ ತಿಂತಿ."

"ತಿಂತೀನಿ."

"ಸುಳ್ಳ ಹೇಳಲಿಲ್ಲ, ಅಷ್ಟ ಸಾಕ. ತುಟಿಗಿ ನೀರ ಮಾತ್ರ ನಮ್ಮ ಸೊಸಿ ಹಚ್ಲಿ."

ಮೇಡಂ ಬಂದು ಹಾಸಿಗೆಯ ಪಕ್ಕ ಕೂತು ಬಿಡಿಸಿ ಹೇಳಿದರು. ರಕ್ತ ಇಲ್ಲದಿದ್ದರೆ ಜೀವ ಉಳಿಯುವ ಭರವಸೆ ಇಲ್ಲ ಎಂದೂ ಹೇಳಿದರು, ಮುಚ್ಚಿಡಲಿಲ್ಲ, ಹೆದರಿಸಲಿಲ್ಲ. ಆಯಿ ಕೇಳಿಸಿಕೊಂಡಳು. "ಅದು ಗೊತ್ತಾತ್ರಿ ಬಾಯಾರ. ಬ್ಯಾರೆ ಔಷಧ ಏನೇನ ಐತಿ ಎಲ್ಲಾ ಕೊಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಇದೊಂದ ಬ್ಯಾಡ."

ಹಾಗಾದಾಗ ಮಾಡಬೇಕಾದ ಕ್ರಮವೂ ಒಂದಿದೆ. ಅದನ್ನು ಶುರು ಮಾಡಿದೆವು. ಪರೀಕ್ಷೆಗೆ ತೆಗೆಯುವ ರಕ್ತವೂ ನಷ್ಟವೇ. ಹೀಗಾಗಿ ಕೂಸುಗಳಿಗೆ ಬಳಸುವ ಚಿಕ್ಕ ಕೊಳವೆಗಳನ್ನು ತರಿಸಿದೆ. ಮೂಗಿಗೆ ಆಮ್ಲಜನಕ, ಮೈಗೆ ಕಂಬಳಿ, ಕಾಲು ಮೇಲೆ. ಕಬ್ಬಿಣದ ಇಂಜೆಕ್ಷನ್ ಕೂಡ ಹಚ್ಚಿದೆವು. ಅದು ಕೆಲಸ ಮಾಡಲು ವಾರಗಳು ಬೇಕು ಎಂದು ಗೊತ್ತಿದ್ದೂ ಹಚ್ಚಿದೆವು. ರಿಂಗರ್ ಲ್ಯಾಕ್ಟೇಟನ್ನು ಮಾತ್ರ ಅಳತೆಯಲ್ಲಿ ಬಿಟ್ಟೆ. ಒತ್ತಡ ಕಡಿಮೆ ಇದೆಯೆಂದು ಬಾಟಲಿ ಮೇಲೆ ಬಾಟಲಿ ಸುರಿದರೆ ಇದ್ದ ಕೆಂಪುಕಣವೂ ತೆಳುವಾಗುತ್ತದೆ, ಸೋರುವ ಬಾಯಿಗೆ ಒತ್ತಡ ಹೆಚ್ಚಾಗುತ್ತದೆ. ನೀರು ನಾಳವನ್ನು ತುಂಬುತ್ತದೆ, ಉಸಿರನ್ನು ಹೊರುವುದಿಲ್ಲ. ಮೂತ್ರ ಬರುತ್ತಿದೆಯೇ, ಮಾತು ಸ್ಪಷ್ಟವಿದೆಯೇ, ಇವೆರಡನ್ನು ನೋಡುತ್ತ ಕೊಳವೆಯ ಚಕ್ರ ತಿರುವುತ್ತಿದ್ದೆ.

ಸೊಸೆ ಬಾಗಿಲ ಹೊರಗೆ ನನ್ನನ್ನು ತಡೆದಳು. ಅವಳೂ ಮಾಳ ಹಾಕಿಕೊಂಡವಳು.

"ಆ ಹಳದಿ ನೀರ ಇರತೈತಲ್ರಿ, ಡೆಂಗಿ ಆದವ್ರಿಗಿ ಹಚ್ಚೂದು. ಅದು ರಕ್ತ ಅಲ್ಲಲ್ರಿ. ಅದನ್ನರ ಹಚ್ರಿ."

"ಅದೂ ರಕ್ತದಾಗಿಂದ ತಗದದ್ದ ಐತಿ. ಮ್ಯಾಲೆ ಅದರಾಗ ಕೆಂಪು ಇಲ್ಲ. ಈಗ ಆಯಿಗಿ ಬೇಕಾದ್ದು ಕೆಂಪು."

"ನಂದ ತಗೋರಿ ಹಂಗಾದ್ರ."

ಅವಳ ರೆಪ್ಪೆ ತೆಗೆದು ನೋಡಿದೆ. ಅತ್ತೆಯದಕ್ಕಿಂತ ಸ್ವಲ್ಪ ವಾಸಿ, ಅಷ್ಟೇ. ಬೆರಳು ಚುಚ್ಚಿ ನೋಡಿದಾಗ ಕೊಡುವ ಸ್ಥಿತಿಯಲ್ಲಿರಲಿಲ್ಲ. ದಿಂಡಿಯ ಉಳಿದ ಮಾಳಕರಿಗಳು ಮುಂದಿನ ಮುಕ್ಕಾಂ ಹಾದಿಯಲ್ಲಿದ್ದರು. ಕರೆಸಿದರೂ ಗುಂಪು ಹೊಂದಬೇಕು, ಚಿಕ್ಕೋಡಿಗೆ ಹೋಗಿ ಕೊಡಬೇಕು, ಪರೀಕ್ಷೆ ಆಗಬೇಕು. ಅಷ್ಟು ಹೊತ್ತು ನಮ್ಮ ಕೈಯಲ್ಲಿರಲಿಲ್ಲ.

ಅವಳು ದನಿ ತಗ್ಗಿಸಿದಳು. "ಸುಭೇದಾರ್ರ, ನಿಮ್ಮ ಕಡೆ ಇದ್ದದ್ದ ಹಚ್ರಿ. ನಂದಂತ ಹೇಳ್ರಿ. ಪಾಪ ಹತ್ತಿದ್ರ ನನಗ ಹತ್ಲಿ. ನಾ ಅದನ್ನ ಹೊತಗೊಂಡ ಪಂಢರಪುರಕ್ಕ ಹೊಕ್ಕೀನಿ."

ನಾನು ಆಗದು ಎಂದೆ. ಮೇಡಮ್ಮನ್ನೂ ಕೇಳಿದಳು. ಅವರೂ ಆಗದು ಎಂದರು, ಆದರೆ ಹೇಳಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಆಗಲೇ ಊರಿನಿಂದ ಹೊರಟಿದ್ದ ಗಂಡನಿಗೆ ಫೋನ್ ಮಾಡಲು ಸೊಸೆ ಹೊರಗೆ ಹೋದಳು.

ಆಗ ಆಯಿಯ ಹತ್ತಿರ ನಾನೊಬ್ಬನೇ ಇದ್ದೆ.

"ಮಗ ಬರಾಕತ್ತಾನೇನ?" ಎಂದಳು.

"ಬರಾಕತ್ತಾನ."

"ಕುರಿ ಬಿಟ್ಟ ಬರ್ತಾನೋ, ಕುರಿ ಕರಕೊಂಡ ಬರ್ತಾನೋ," ಎಂದು ತುಟಿ ಅಗಲಿಸಿದಳು. ಆಮೇಲೆ ಮೆಲ್ಲಗೆ ತನ್ನ ಮನೆಯ ಸಂಗತಿ ಹೇಳಿದಳು. ಒಂದೇ ಮನೆ, ಎರಡು ಒಲೆ: ಒಂದು ಒಳಗೆ, ಒಂದು ಹೊಲದಲ್ಲಿ. ಮಗ ಕುರಿ ಸಾಕಿ ಮಾರುವವನು. ಮಾಂಸ ತಿನ್ನುತ್ತಾನೆ. ಆದರೆ ಮನೆಯಲ್ಲಿ ತಿನ್ನುವುದಿಲ್ಲ. ಹೊಲದ ಬದುವಿನಲ್ಲಿ ಬೇಯಿಸಿ ತಿಂದು, ಅಲ್ಲೇ ಕಾಲುವೆಯಲ್ಲಿ ಮೈ ತೊಳೆದುಕೊಂಡು ಬರುತ್ತಾನೆ. ಅವಳಿಗೆ ಗೊತ್ತಿದೆ ಎಂದು ಅವನಿಗೂ ಗೊತ್ತು. ಇಷ್ಟು ವರ್ಷಗಳಲ್ಲಿ ಇಬ್ಬರೂ ಒಂದು ಮಾತು ಎತ್ತಿಲ್ಲ. ಅವನು ಕೊಟ್ಟ ನೀರನ್ನು ಮಾತ್ರ ಅವಳು ಕುಡಿದಿಲ್ಲ.

"ಒಂದ ಕೆಲಸ ಮಾಡು ಮಿಲಿಟ್ರಿ," ಎಂದಳು. "ಅವನ ರಕ್ತ ಹಚ್ಚು. ಅದು ನಂದ. ನಾ ಕೊಟ್ಟದ್ದ. ಮ್ಯಾಲೆ ಅಂವ ಏನೇನ ಸುರಕೊಂಡಾನ, ಅದು ಅಂವನ ಲೆಕ್ಕ. ತಳದಾಗ ನಂದ ಐತಿ. ಅದಾದ್ರ ನನಗ ನಡೀತೈತಿ."

ಮೇಡಂಗೆ ಈ ಮಾತು ಮುಟ್ಟಿಸಲು ಹೊರಗೆ ಬಂದೆ. ಆಯಿ ತೆರೆದ ಒಂದೇ ಬಾಗಿಲು ನಮ್ಮ ಶಾಸ್ತ್ರ ಮುಚ್ಚಿಟ್ಟ ಬಾಗಿಲಾಗಿತ್ತು.

ಇದನ್ನು ಬಿಡಿಸಿ ಹೇಳಬೇಕು. ಮಗನ ರಕ್ತ ತಾಯಿಗೆ, ತಾಯಿಯದು ಮಗಳಿಗೆ ಎಂದು ಸಿನಿಮಾದಲ್ಲಿ ತೋರಿಸುತ್ತಾರೆ. ನಿಜದಲ್ಲಿ ಅಷ್ಟು ಹತ್ತಿರದ ನಂಟಿನ ತಾಜಾ ರಕ್ತವನ್ನು ಹಾಗೇ ಕೊಡುವುದಿಲ್ಲ. ಕೊಟ್ಟ ರಕ್ತದಲ್ಲಿ ಜೀವಂತ ಬಿಳಿಕಣ ಇರುತ್ತವೆ. ಹೊರಗಿನವರದಾದರೆ ದೇಹ ಅವನ್ನು ಪರಕೀಯವೆಂದು ಗುರುತಿಸಿ ಮುಗಿಸುತ್ತದೆ. ಹೆತ್ತ ಮಗನದಾದರೆ ಕೆಲವೊಮ್ಮೆ ಗುರುತು ಸಿಗುವುದಿಲ್ಲ. ತನ್ನದೇ ಎಂದು ಒಳಗೆ ಬಿಟ್ಟುಕೊಳ್ಳುತ್ತದೆ. ಆ ಕಣಗಳು ಒಳಗೆ ಬೆಳೆದು ಚರ್ಮ, ಕರುಳು, ಮಜ್ಜೆ ಎಲ್ಲದರ ಮೇಲೆ ತಿರುಗಿಬೀಳುತ್ತವೆ. ಹಾಗಾಗುವುದು ಅಪರೂಪ. ಆದರೆ ಒಮ್ಮೆ ಹಾಗಾಯಿತೆಂದರೆ ಉಳಿಯುವವರಿಲ್ಲ. ವಿಕಿರಣ ಹಾಯಿಸಿದರೆ ಆ ಕಣ ಸಾಯುತ್ತವೆ. ಅಂಥ ಯಂತ್ರ ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲಿ ಎಲ್ಲೂ ಇಲ್ಲ.

ಮೇಡಂ ಚಿಕ್ಕೋಡಿಯ ರಕ್ತನಿಧಿಯ ವೈದ್ಯರಿಗೆ ಫೋನ್ ಹಚ್ಚಿ ಎಲ್ಲ ಹೇಳಿದರು. ಅಪರೂಪದ ಅಪಾಯ ಒಂದು ಕಡೆ, ಎದುರಿಗಿರುವ ಸಾವು ಇನ್ನೊಂದು ಕಡೆ. ತೂಗಿ ನೋಡಿ ಎಂದು ವಾದಿಸಿದರು. ಅಷ್ಟರಲ್ಲಿ ಮಗ ಬಂದ. ಮೋಟರ್ ಸೈಕಲ್ ಮೇಲೆ ಬಂದಿದ್ದ, ಹೆಗಲ ಮೇಲೆ ಕಂಬಳಿ ಹಾಗೇ ಇತ್ತು. ಮಾತು ಮುಗಿಯುವವರೆಗೆ ಕೈಕಟ್ಟಿ ನಿಲ್ಲುವುದು ನನ್ನ ರೂಢಿಯಲ್ಲ. ಅವನ ತೋಳಿನಿಂದ ಒಂದು ಕೊಳವೆ ರಕ್ತ ತೆಗೆದು, ಹತ್ತಿ ಇಟ್ಟು ಪಟ್ಟಿ ಅಂಟಿಸಿ, ಗುಂಪು ನೋಡಿದೆ. ಬಿ ಪಾಸಿಟಿವ್.

ಮೇಡಂ ಫೋನ್ ಇಟ್ಟು ಇಲ್ಲವೆಂದು ತಲೆ ಆಡಿಸಿದರು. ಪರೀಕ್ಷೆಗಳಿಗೇ ಸಂಜೆಯಾಗುತ್ತದೆ, ಅವು ಮುಗಿದರೂ ವಿಕಿರಣವಿಲ್ಲದೆ ಮಗನ ತಾಜಾ ರಕ್ತವನ್ನು ತಾಯಿಗೆಂದು ತಾವು ಕೊಡಲಾರೆವು ಎಂದು ರಕ್ತನಿಧಿಯವರು ಹೇಳಿದರಂತೆ. ಹೊಂದಿದ ಎರಡು ಚೀಲ ನಿಮ್ಮ ಫ್ರಿಜ್ಜಿನಲ್ಲೇ ಇವೆಯಲ್ಲ, ಅದನ್ನು ಒಪ್ಪಿಸಿ ಎಂದರಂತೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ನಾನು ಮಗನಿಗೆ ಎರಡೂ ಸುದ್ದಿಯನ್ನು ಒಂದೇ ಉಸಿರಿನಲ್ಲಿ ಹೇಳಿದೆ. ನಿನ್ನ ರಕ್ತ ಆಗಬಹುದು ಎಂದು ನಿಮ್ಮವ್ವ ಹೇಳಿದ್ದಾಳೆ. ಆದರೆ ಅದನ್ನು ಕೊಡಲಾಗುವುದಿಲ್ಲ. ಅವನು ಮೊದಲನೆಯದನ್ನೇ ಹಿಡಿದುಕೊಂಡು ನಿಂತ. ಎರಡನೆಯದು ಕಿವಿಗೆ ಹೋಗಲು ಹೊತ್ತು ಹಿಡಿಯಿತು.

"ಹಂಗಾದ್ರ ನಿಮ್ಮ ಚೀಲಾನ ಹಚ್ರಿ ಮಾಮಾ," ಎಂದ ಕೊನೆಗೆ. "ನಂದು ಅಂತ ಅನ್ನೂನು. ಏನ ಕೆಡತೈತಿ? ರಕ್ತದ ಮ್ಯಾಲೆ ಯಾರ ಹೆಸರ ಬರದಿರತೈತಿ?"

ಮೇಡಂ, "ನಿಮ್ಮ ತಾಯಿ ಎಚ್ಚರ ಇದ್ದಾರೆ. ಇನ್ನೊಮ್ಮೆ ನೀವೇ ಕೇಳಿ. ಅವರು ಹೂಂ ಅಂದರೆ ಆ ಕ್ಷಣಕ್ಕೆ ಹಚ್ಚುತ್ತೇವೆ," ಎಂದರು. ಸಮಯ ಉಳಿಸಲೆಂದು ಒಂದು ಚೀಲ ತೆಗೆದುಕೊಂಡೇ ನಾನು ಅವನ ಹಿಂದೆ ಹೋದೆ. ಅದು ಸಿದ್ಧವಿರಲಿ ಎಂದಷ್ಟೇ ನನ್ನ ಮನಸ್ಸಿನಲ್ಲಿತ್ತು.

ಹಾಸಿಗೆಯ ಪಕ್ಕದಲ್ಲಿ ಚೀಲದ ಮೇಲೆ ಬರೆದ ರೋಗಿಯ ಹೆಸರು, ಗುಂಪು, ಸಂಖ್ಯೆಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೊಂದಿಸಬೇಕು. ನರ್ಸ್ ಓದಲು ಶುರು ಮಾಡಿದಳು. ಆಯಿ ಅದನ್ನು ಕೇಳಲಿಲ್ಲ. ಅವಳು ಮಗನ ತೋಳಿನ ಮೇಲಿದ್ದ ಹತ್ತಿಯನ್ನು ನೋಡುತ್ತಿದ್ದಳು.

"ಕೊಟ್ಟಿಯೇನೋ?"

ಅವನು ಬಾಯಿ ಬಿಡಲಿಲ್ಲ. ತಲೆ ಅಲ್ಲಾಡಿಸಿದ. ಹೌದು ಎಂದೂ ಆಗಬಹುದು, ಏನೂ ಅಲ್ಲವೆಂದೂ ಆಗಬಹುದು. ಆಯಿ ನಕ್ಕಳು. ಬೆಳಗಿನಿಂದ ನಾನು ನೋಡಿರದ ನಗು. ಸೂಜಿ ಇದ್ದ ಕೈಯನ್ನು ತಾನೇ ನೆಟ್ಟಗೆ ಚಾಚಿ ನನ್ನ ಕಡೆ ಹೊರಳಿಸಿದಳು.

ಯಾರೂ ಸುಳ್ಳು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರೂ ಸುಮ್ಮನಿದ್ದರೆ ಸಾಕಾಗಿತ್ತು. ಸೊಸೆ ಸೆರಗನ್ನು ಬಾಯಿಗೊತ್ತಿಕೊಂಡು ನನ್ನನ್ನೇ ನೋಡಿದಳು. ನರ್ಸ್ ಓದುವುದನ್ನು ನಿಲ್ಲಿಸಿದಳು. ಚೀಲ ನನ್ನ ಎಡಗೈಯಲ್ಲಿತ್ತು, ಕೊಳವೆಯ ಚೂಪು ತುದಿ ಬಲಗೈಯಲ್ಲಿ.

"ಆಯಿ," ಎಂದೆ. "ಇವನ ಕೈಯಿಂದ ಪರೀಕ್ಷಾಕ್ಕಷ್ಟ ತಗೊಂಡೀನಿ. ಈ ಚೀಲ ಇವಂದಲ್ಲ. ಇವಂದು ನಿಮಗ ಹಚ್ಚಾಕ ಬರಂಗಿಲ್ಲ."

ಚಾಚಿದ ಕೈ ಮಡಚಿಕೊಂಡಿತು. ಅವಳು ಸಿಟ್ಟಾಗಲಿಲ್ಲ. "ಸುಮ್ಕಿದ್ದಿದ್ರ ನಡದ ಹೋಗತಿತ್ತಲ್ಲೋ ಮಿಲಿಟ್ರಿ," ಎಂದಳು.

ಯಾಕೆ ಹೇಳಿದೆ ಎಂದು ಬಹಳ ಜನ ಕೇಳಿದ್ದಾರೆ. ನನ್ನ ಹೆಂಡತಿಯೂ ಕೇಳಿದ್ದಾಳೆ. ರೋಗಿ ತೋಳು ಚಾಚುವುದು ನಮ್ಮ ಮೇಲಿನ ನಂಬಿಕೆಯಿಂದ. ಆಯಿ ಚಾಚಿದ್ದು ಮಗನ ರಕ್ತಕ್ಕೆ. ಅಲ್ಲಿಗೆ ಬೇರೆಯದನ್ನು ಏರಿಸಿದರೆ ಅದು ಅವಳಿಗೆ ಗೊತ್ತಾಗದಂತೆ ಅವಳ ಮಾಳ ಹರಿದಂತೆಯೇ. ಅಷ್ಟು ನನಗೆ ಆ ಕ್ಷಣಕ್ಕೆ ಸ್ಪಷ್ಟವಿತ್ತು. ಇಂದಿಗೂ ಸ್ಪಷ್ಟವಿದೆ. ಸ್ಪಷ್ಟವಿದ್ದ ಮಾತ್ರಕ್ಕೆ ಹಗುರವೇನೂ ಆಗಿಲ್ಲ.

ರಕ್ತದ ಚೀಲವನ್ನು ಹೊರಗೆ ಬಹಳ ಹೊತ್ತು ಇಡುವಂತಿಲ್ಲ. ತಿರುಗಿ ಫ್ರಿಜ್ಜಿಗೆ ಒಯ್ಯುವಾಗ ಮಗ ದಾರಿಯಲ್ಲಿ ಅಡ್ಡ ನಿಂತ.

"ಏನ ಗಳಿಸಿದ್ರಿ ಮಾಮಾ?" ಎಂದ. ನಾನು ಪಕ್ಕಕ್ಕೆ ಸರಿದು ಹೋದೆ. ಚೀಲದ ತಂಪು ಉಳಿಯಬೇಕಿತ್ತು.

ಮರಳಿ ಬಂದಾಗ ಆಯಿ ಕೇಳಿದಳು, ಮಗಂದು ಯಾಕೆ ಆಗುವುದಿಲ್ಲ ಎಂದು. ತಿಳಿಯುವಂತೆ ಹೇಳಿದೆ. "ಹೊರಗಿನವರ ರಕ್ತ ಬಂದ್ರ ನಿಮ್ಮ ಮೈ ಬಾಗಲದಾಗ ನಿಂದರಿಸಿ ಕೇಳತೈತಿ. ಮಗಂದ ಅಂದ್ರ ನಮ್ಮವ ಅಂತ ಒಳಗ ಬಿಡತೈತಿ. ಒಳಗ ಹೋಗಿ ಅದು ಮನಿ ಕೆಡಸೂದು ಒಮ್ಮೊಮ್ಮೆ."

"ಹೊಸಾದೇನ ಹೇಳಿದಿ," ಎಂದಳು. ಮಗ ತಲೆ ತಗ್ಗಿಸಿದ. ಅವಳು ಅವನ ಕಡೆ ನೋಡಿ, "ನಿನಗಲ್ಲೋ ಅಂದದ್ದು. ನೀ ಮನಿ ಕೆಡಸಿಲ್ಲ. ಒಲಿ ಅಷ್ಟ ಎರಡ ಮಾಡೀದಿ," ಎಂದಳು.

ಮಧ್ಯಾಹ್ನ ಎಂಡೋಸ್ಕೋಪಿಯ ವೈದ್ಯರು ಬಂದು, ನೋಡಿ, ರಕ್ತವಿಲ್ಲದೆ ತಾನು ಕೈ ಹಾಕಲಾರೆ ಎಂದು ಪಕ್ಕದ ಕೋಣೆಯಲ್ಲಿ ಕೂತರು. ಅವರು ಹೊರಟುಹೋಗಲಿಲ್ಲ. ಆಯಿ ಸ್ವಲ್ಪ ಸುಧಾರಿಸಿದಂತೆ ಕಂಡಳು. ನಾಡಿ ತುಸು ಇಳಿದಿತ್ತು. ಹಾಗೇ ತಾನಾಗಿ ನಿಂತುಬಿಡುತ್ತದೇನೋ ಎಂದು ನಾನೂ ಆಸೆ ಮಾಡಿದೆ, ಕೆಲವರಲ್ಲಿ ನಿಲ್ಲುತ್ತದೆ.

ನಿಲ್ಲಲಿಲ್ಲ. ಬಿಸಿಲು ಕಿಟಕಿಯಿಂದ ಆಚೆ ಸರಿಯುವ ಹೊತ್ತಿಗೆ ಆಯಿ ಒಮ್ಮೆಲೇ ಎದ್ದು ಕೂತು ಬೇಸಿನ್ ತುಂಬ ಕಾರಿದಳು. ತಾಜಾ ಕೆಂಪು, ಆದರೆ ನೀರಿನಷ್ಟು ತೆಳು. ನಾವು ಹಚ್ಚಿದ್ದ ರಿಂಗರ್ ಲ್ಯಾಕ್ಟೇಟೇ ಬಣ್ಣ ಬಳಿದುಕೊಂಡು ಹೊರಗೆ ಬಂದಂತಿತ್ತು. ಮಗ ಬಾಗಿಲಿಗೆ ಹೋಗಿ, ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ನಿಂತ.

ಆಯಿ ಅವನ ಬೆನ್ನನ್ನು ನೋಡಿದಳು.

"ಮುಂಜಾನಿಂದ ಏನೂ ತಿಂದಿಲ್ಲ ಅದು," ಎಂದಳು. ಆಮೇಲೆ ನನಗೆ, "ಹಚ್ಚು. ಯಾರದಿದ್ರೂ ಹಚ್ಚು. ಮೊದ್ಲ ಮಾಳ ತಗೀಲಿ ಸೊಸಿ. ಮಾಳ ಇಟಗೊಂಡ ಹಚಗೊಳ್ಳಂಗಿಲ್ಲ. ಆರಾಮಾದ ಮ್ಯಾಲೆ ಪಂಢರಪುರಕ್ಕ ಹೋಗಿ ಮತ್ತ ಹಾಕಿಸ್ಕೊಂತೀನಿ."

ಮೇಡಂ ಇನ್ನೊಮ್ಮೆ ಕೇಳಿದರು. ಹೂಂ ಎಂದಳು. ಸೊಸೆ ಮಾಳ ತೆಗೆದು ಹೊಸ ಗಾಜ್ ಬಟ್ಟೆಯಲ್ಲಿ ಸುತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಆಯಿಯ ಕುತ್ತಿಗೆಯಲ್ಲಿ ಮಣಿ ಕೂತಿದ್ದ ಜಾಗ ಬೆಳ್ಳಗೆ ಗೆರೆಯಾಗಿತ್ತು.

ಮುಂದಿನದು ಕೈಗೆ ಅಭ್ಯಾಸವಾದ ಕೆಲಸ. ರಿಂಗರ್ ಲ್ಯಾಕ್ಟೇಟಿನಲ್ಲಿ ಕ್ಯಾಲ್ಸಿಯಂ ಇರುತ್ತದೆ. ಅದೇ ಕೊಳವೆಯಲ್ಲಿ ರಕ್ತ ಬಿಟ್ಟರೆ ಹೆಪ್ಪುಗಟ್ಟಬಹುದು. ಹೀಗಾಗಿ ಒಂದು ಕೈಯ ಕೊಳವೆಯನ್ನು ಬದಲಿಸಿ, ಸಾದಾ ಸಲೈನಿನಿಂದ ತೊಳೆದು, ಜಾಲರಿ ಇರುವ ರಕ್ತದ ಕೊಳವೆ ಜೋಡಿಸಿದೆ. ಬೆಚ್ಚಗೆ ಮಾಡುವ ಯಂತ್ರದ ಮೂಲಕ ಹಾಯಿಸಿ, ಚೀಲಕ್ಕೆ ಒತ್ತುವ ಪಟ್ಟಿ ಕಟ್ಟಿ ಬಿಟ್ಟೆ. ಮೊದಲ ಚೀಲ ಬೇಗ ಇಳಿಯಿತು. ತುಟಿಗೆ ಕಂಡೂ ಕಾಣದಷ್ಟು ಬಣ್ಣ ಬಂತು. ಎರಡನೆಯದು ಹಚ್ಚಿ ನಳಿಕೆ ಇಳಿಸಿದರು. ಹೊಟ್ಟೆಯೊಳಗಿನ ಹುಣ್ಣಿನ ತಳದಲ್ಲಿ ಒಂದು ರಕ್ತನಾಳ ಬಾಯಿ ತೆರೆದು ಚಿಮ್ಮುತ್ತಿತ್ತು. ಔಷಧ ಚುಚ್ಚಿದರು, ಕ್ಲಿಪ್ ಹಾಕಲು ನೋಡಿದರು. ತೊಳೆದಷ್ಟೂ ತುಂಬಿಕೊಳ್ಳುತ್ತಿತ್ತು, ಹಿಡಿಯಲು ಜಾಗ ಕಾಣಲಿಲ್ಲ. ಸೂಜಿ ಚುಚ್ಚಿದ ಜಾಗಗಳಿಂದಲೂ ರಕ್ತ ಒಸರತೊಡಗಿತು. ಹೆಪ್ಪುಗಟ್ಟುವ ಶಕ್ತಿ ಮುಗಿಯುತ್ತಿತ್ತು. ಬೆಳಿಗ್ಗೆ ಬೇಕಿರದ ಹಳದಿ ಪ್ಲಾಸ್ಮಾ ಈಗ ಬೇಕಾಗಿತ್ತು. ಚಿಕ್ಕೋಡಿಯಿಂದ ಅದನ್ನೂ ಇನ್ನಷ್ಟು ರಕ್ತವನ್ನೂ ಹೊತ್ತು ಆಂಬ್ಯುಲೆನ್ಸ್ ಹೊರಟಿತ್ತು. ರಾಯಬಾಗ ದಾಟಿದೆ ಎಂದು ಚಾಲಕ ಫೋನಿನಲ್ಲಿ ಹೇಳಿದ.

ಹೃದಯ ಒಮ್ಮೆ ನಿಂತಿತು. ಎದೆ ಒತ್ತಿ ತಿರುಗಿ ತಂದೆವು. ಎರಡನೆಯ ಸಲವೂ ತಂದೆವು. ಆಮೇಲೆ ಕುತ್ತಿಗೆಯಲ್ಲಿ ಬೆರಳಿಗೆ ಸಿಕ್ಕೂ ಸಿಗದಷ್ಟು ನಾಡಿ ಉಳಿಯಿತು. ಮೇಡಂ ಕಣ್ಣಿಗೆ ದೀಪ ಬಿಟ್ಟು ನೋಡಿ, ಎಂಡೋಸ್ಕೋಪಿಯ ವೈದ್ಯರ ಕಡೆ ನೋಡಿದರು. ಅವರು ನಳಿಕೆ ಒರೆಸಿ ಕೆಳಗಿಟ್ಟರು. ಮೇಡಂ ಮಗನನ್ನೂ ಸೊಸೆಯನ್ನೂ ಒಳಗೆ ಕರೆದು, ಇನ್ನು ಉಳಿಯುವುದಿಲ್ಲ ಎಂದು ಹೇಳಿದರು. ಎರಡನೆಯ ಚೀಲ ಇನ್ನೂ ಅರ್ಧ ಇತ್ತು, ಹನಿ ಬೀಳುತ್ತಿತ್ತು.

ಸೊಸೆ ಮಡಿಲಿನ ಗಂಟು ಹಿಡಿದುಕೊಂಡು ಹಾಸಿಗೆಯ ಹತ್ತಿರ ಬಂದಳು. "ರಕ್ತ ನಿಂದರಸ್ರಿ," ಎಂದಳು. "ಮಾಳ ಇಲ್ಲದ ಹೋಗಬಾರದ್ರಿ ಅತ್ತಿ. ಅದು ಹರಿಯೂತನ ನನಗ ಹಾಕಾಕ ಬರಂಗಿಲ್ಲ."

ಮೇಡಂ ಮಗನನ್ನು ನೋಡಿದರು. ಅವನು ತಲೆ ಅಲ್ಲಾಡಿಸಿದ; ಈ ಸಲ ಅದು ಹೌದೆಂದೇ ಇತ್ತು. ಮೇಡಂ ನನಗೆ ಹೇಳಿದರು. ನಾನು ಚಕ್ರ ತಿರುವಿ ಮುಚ್ಚಿದೆ. ಕೊಳವೆಯನ್ನು ಸೂಜಿಯಿಂದ ಬಿಡಿಸಿ, ಕೈ ಒರೆಸಿ, ಎದೆಯ ಮೇಲೆ ಇಟ್ಟೆ. ತಲೆ ಎತ್ತಿ ಹಿಡಿಯಿರಿ ಎಂದು ಸೊಸೆ ಯಾರಿಗೂ ಹೇಳಲಿಲ್ಲ. ತಾನೇ ಒಂದು ಕೈಯಿಂದ ಎತ್ತಿ ಇನ್ನೊಂದು ಕೈಯಿಂದ ಮಾಳ ಹಾಕಿದಳು. ಮಗ ಎರಡು ಹೆಜ್ಜೆ ದೂರ ನಿಂತಿದ್ದ, ಮುಟ್ಟಲಿಲ್ಲ. ನಾಡಿ ಇನ್ನೂ ಸ್ವಲ್ಪ ಹೊತ್ತು ಇತ್ತು. ನನ್ನ ಬೆರಳ ಕೆಳಗೇ ಅದು ಹೋಯಿತು.

ಉಳಿದ ಅರ್ಧ ಚೀಲವನ್ನು ಯಾರಿಗೂ ಬಳಸುವಂತಿಲ್ಲ. ನಿಯಮದಂತೆ ಮುಚ್ಚಿ ಕಟ್ಟಿ ಕೆಳಗೆ ಕಳಿಸಿದೆ. ಆಂಬ್ಯುಲೆನ್ಸ್ ಬಂತು. ತಂದದ್ದನ್ನು ಇಳಿಸಿಕೊಂಡು ಫ್ರಿಜ್ಜಿನಲ್ಲಿಟ್ಟೆ. ಬೇರೆ ಯಾರಿಗಾದರೂ ಬೇಕಾಗುತ್ತದೆ.

ಹೊರಗೆ ಬಂದಾಗ ಮಗ ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದ. ಊರಿನಿಂದ ಗಾಡಿ ಬರುವುದಿತ್ತು. ನಾನು ದೂರದಿಂದಲೇ ಹೋಗಬೇಕೆಂದಿದ್ದೆ. ಅವನು ಕರೆದ.

"ಕೂಡ್ರಿ ಮಾಮಾ."

ಕೂತೆ. ಬೈಯಲಿ, ಬೈದರೆ ಕೇಳಿಸಿಕೊಳ್ಳಬೇಕು ಎಂದುಕೊಂಡೆ. ಅವನು ಬೈಯಲಿಲ್ಲ.

"ನನ್ನ ರಕ್ತ ಆಗತೈತಿ ಅಂತ ಅವ್ವ ಅಂದದ್ದು ಖರೇನ?"

"ಖರೆ."

"ನನಗ ಸಮಾಧಾನ ಆಗ್ಲಿ ಅಂತ ಹೇಳಿದ್ದಲ್ಲಲ್ಲ?"

"ಅಲ್ಲ."

"ಹೌದು. ನೀವ ಹಂಗ ಹೇಳಾವ್ರಲ್ಲ," ಎಂದ. ಆ ಮಾತಿನಲ್ಲಿ ಸಿಟ್ಟೂ ಇತ್ತು, ಸಿಟ್ಟಲ್ಲದ್ದೂ ಇತ್ತು. "ಸುಳ್ಳ ಹೇಳಾವ್ರಿದ್ರ ಚೀಲ ಕೈಯಾಗಿದ್ದಾಗನ ಹೇಳತಿದ್ರಿ. ಅದಕ್ಕ ನಿಮ್ಮನ್ನ ಕೇಳಾಕತ್ತೀನಿ. ಹೆಂಗ ಅಂದ್ಲು? ಅಕಿ ಅಂದಂಗ ಹೇಳ್ರಿ."

ನಾನು ಹೇಳಿದೆ. ಅವನ ರಕ್ತ ಹಚ್ಚು, ಅದು ನಂದ, ನಾ ಕೊಟ್ಟದ್ದ. ಮ್ಯಾಲೆ ಅಂವ ಏನೇನ ಸುರಕೊಂಡಾನ, ಅದು ಅಂವನ ಲೆಕ್ಕ. ತಳದಾಗ ನಂದ ಐತಿ. ಏನೇನ ಸುರಕೊಂಡಾನ ಎಂಬಲ್ಲಿ ಅವನಿಗೆ ನಗು ಬಂತು. ನಗು ಬಂದದ್ದೇ ಅಳು ತಡೆಯಲಾಗಲಿಲ್ಲ.

ಗಾಡಿ ಬಂತು. ಸೊಸೆ ಒಳಗಿನಿಂದ ಕೂಗಿದಳು. ಅವನು ಎದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು, ಹೋಗದೆ ಅಲ್ಲೇ ನಿಂತ.

"ಇನ್ನೊಮ್ಮೆ ಹೇಳ್ರಿ," ಎಂದ.

ಹೇಳಿದೆ.